ಮ್ಯಾಟ್ ಎತ್ತಿ ನೋಡದೆ ರೇಟ್ ಹೇಳಿದ್ದೆ

ದಾವಣಗೆರೆಯ ಹದಡಿ ರಸ್ತೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಹದಿನಾಲ್ಕು ವರ್ಷದಿಂದ ಮಾರುತಿ 800, ಆಲ್ಟೊ, ಇಂಡಿಕಾ, ಸ್ವಿಫ್ಟ್ ಇವುಗಳ ಕೆಳಗೇ ಮಲಗಿ ಎದ್ದಿದ್ದೇನೆ. ಕ್ಲಚ್ ಪ್ಲೇಟ್ ಹಾಕಲು ಎಷ್ಟಾಗುತ್ತೆ ಎಂದು ಕೇಳಿದರೆ ಕೈಯಲ್ಲಿದ್ದ ಪಾನಾ ಕೆಳಗಿಡದೆ ಹೇಳುತ್ತೇನೆ. ಆ ಅಭ್ಯಾಸವೇ ಹೋದ ವರ್ಷ ನನಗೆ ಮುಳುವಾಯಿತು.

2025ರ ಉಗಾದಿ ಕಳೆದು ಒಂದು ವಾರ ಆಗಿತ್ತು. ನಮ್ಮ ಏರಿಯಾದ ರಿಟೈರ್ಡ್ ಮೇಷ್ಟ್ರೊಬ್ಬರು ಬಂದರು. "ತಮ್ಮಾ, ನಮ್ಮ ಫಿಯೇಟು ಮತ್ತೆ ಓಡುತ್ತಾ ನೋಡು" ಎಂದರು. ಅವರು ಹೇಳಿದ್ದು 1985ರ ಪ್ರೀಮಿಯರ್ ಪದ್ಮಿನಿ. ಕಾರಿನ ಹೆಸರು ಬದಲಾಗಿ ಎಷ್ಟೋ ವರ್ಷವಾದರೂ ನಮ್ಮ ಕಡೆ ಅದು ಫಿಯೇಟೇ. 2021ರಲ್ಲಿ ಅವರು ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಶೆಡ್ಡಿನಲ್ಲಿ ನಿಂತಿದ್ದು, ಆಮೇಲೆ ಅಲ್ಲಾಡಿಲ್ಲ. ಶೆಡ್ಡಿನ ಶೀಟು ಒಂದು ಕಡೆ ಸೋರುತ್ತಿತ್ತು ಎನ್ನುವುದನ್ನು ಮೇಷ್ಟ್ರು ಹೇಳಲಿಲ್ಲ, ನಾನೂ ತಲೆ ಎತ್ತಿ ನೋಡಲಿಲ್ಲ.

ಕಾರು ನೋಡಿದೆ. ಹೊರಗಡೆ ಧೂಳು, ಎರಡು ಟೈರು ನೆಲಕ್ಕೆ ಕೂತಿವೆ, ಬಂಪರ್ ಮೇಲೆ ಸ್ವಲ್ಪ ಜಂಗು. ಬಾನೆಟ್ ತೆಗೆದರೆ 1089 ಸಿಸಿಯ ಆ ಪುಟ್ಟ ಇಂಜಿನ್. ನನಗೆ ಖುಷಿಯಾಗಿಬಿಟ್ಟಿತು. ಒಂದು ಹಳೇ ಕಾರನ್ನು ಪೂರ್ತಿ ಬಿಚ್ಚಿ ಕಟ್ಟಬೇಕು ಎನ್ನುವ ಆಸೆ ಬಹಳ ದಿನದ್ದು. "ಎಷ್ಟಾಗುತ್ತೆ?" ಎಂದರು. "ಒಂದು ನಲವತ್ತರಲ್ಲಿ ಮುಗಿಸಿಕೊಡ್ತೀನಿ ಸರ್, ಮೂರು ತಿಂಗಳು" ಎಂದೆ. ಒಂದು ಲಕ್ಷ ನಲವತ್ತು ಸಾವಿರ. ಮೇಷ್ಟ್ರ ಹತ್ತಿರ ಇದ್ದಿದ್ದು ಒಂದೂವರೆ ಲಕ್ಷ. ಮೇಷ್ಟ್ರ ಹೆಂಡತಿ ಮೇಡಮ್ಮನವರಿಗೆ ಅದೂ ಜಾಸ್ತಿ. "ಆ ದುಡ್ಡಿಗೆ ಮನೆಗೆ ಬಣ್ಣ ಹೊಡೆಸಬಹುದಿತ್ತು" ಎಂದು ನನ್ನೆದುರೇ ಹೇಳಿದರು. ಹತ್ತು ಸಾವಿರ ಉಳಿಸಿಕೊಟ್ಟೆ ಎಂದು ನಾನು ಬೀಗುತ್ತಾ ಬಂದೆ.

ಗ್ಯಾರೇಜಿಗೆ ಎಳೆದು ತಂದ ಮೂರನೇ ದಿನ ಒಳಗಿನ ರಬ್ಬರ್ ಮ್ಯಾಟ್ ಎತ್ತಿದೆ. ಮ್ಯಾಟಿನ ಕೆಳಗೆ ಗೋಣಿ ನಾರಿನಂಥ ಪದರ ಇತ್ತು. ಅದು ವರ್ಷಗಟ್ಟಲೆ ನೀರು ಕುಡಿದು ಕೂತಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಕೆಳಗೆ ಹೋಯಿತು. ಡ್ರೈವರ್ ಕಾಲಿಡುವ ಜಾಗದಲ್ಲಿ ನೆಲ ಕಾಣುತ್ತಿತ್ತು, ಗ್ಯಾರೇಜಿನ ನೆಲ! ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯೂ ಹಾಗೇ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಹೊರಗಿನಿಂದ ನುಣ್ಣಗಿತ್ತು. ಮ್ಯಾಗ್ನೆಟ್ ಹಿಡಿದೆ, ಅಂಟಲಿಲ್ಲ. ಯಾರೋ ಯಾವಾಗಲೋ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು.

ಟಿಂಕರಿಂಗ್‌ಗೆ, ಅಂದರೆ ತಗಡಿನ ಕೆಲಸಕ್ಕೆ ಎಂದು ನಾನು ಮನಸ್ಸಲ್ಲಿ ಇಟ್ಟಿದ್ದು ಹದಿನೈದು ಸಾವಿರ. ನಮ್ಮ ಟಿಂಕರ್ ಚಾಚಾ ಒಂದು ಸುತ್ತು ಹಾಕಿ, ಬೀಡಿ ಹಚ್ಚಿ, "ಮೂರು ಪಟ್ಟು ಇಟ್ಕೋ" ಎಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಜೀಪಿಗೆ, ಲಾರಿಗೆ ಕೆಳಗೆ ಬೇರೆ ಚಾಸಿ, ಅಂದರೆ ಉಕ್ಕಿನ ಚೌಕಟ್ಟು, ಇರುತ್ತದೆ. ಮೇಲಿನ ಬಾಡಿ ಕೊಳೆತರೂ ಚಾಸಿ ಗಟ್ಟಿಯಿದ್ದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ಪದ್ಮಿನಿಗೆ ಆ ಭಾಗ್ಯ ಇಲ್ಲ. ತಳದ ತಗಡು, ಎರಡೂ ಕಡೆಯ ರನ್ನಿಂಗ್ ಬೋರ್ಡ್, ಬಾಗಿಲ ಕಂಬಗಳು, ಛಾವಣಿ, ಎಲ್ಲ ಸೇರಿಯೇ ಬಲ. ಒಂದು ಪೆಟ್ಟಿಗೆಯ ಹಾಗೆ. ಪೆಟ್ಟಿಗೆಯ ಒಂದು ಅಂಚು ಕತ್ತರಿಸಿದರೆ ಏನಾಗುತ್ತೆ? ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಚಾಚಾ ಹರಪನಹಳ್ಳಿಗೆ ಮದುವೆಗೆ ಹೋಗಿದ್ದರು. ನಾಲ್ಕು ದಿನ ಬರಲ್ಲ ಎಂದಿದ್ದರು. ಸುಮ್ನೆ ಕೂರುವುದು ಯಾಕೆ, ಎರಡು ದಿನದ ಕೂಲಿಯೂ ಉಳಿಯುತ್ತೆ ಎಂದು ನಾನೂ ಗ್ಯಾರೇಜಿನ ಹುಡುಗನೂ ಎಡಗಡೆಯ ರನ್ನಿಂಗ್ ಬೋರ್ಡ್ ಕತ್ತರಿಸಿದೆವು. ಆಗ ಕಾರು ಹೇಗಿತ್ತು ಗೊತ್ತಾ? ಮುಂದೆ ಎರಡು, ಹಿಂದೆ ಎರಡು ಮರದ ದಿಮ್ಮಿಯ ಮೇಲೆ ನಿಂತಿತ್ತು. ಬಾಗಿಲುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದೆವು. ಇಂಜಿನ್ ಇನ್ನೂ ಇಳಿಸಿರಲಿಲ್ಲ. ನಡುವೆ ಆಸರೆಯೇ ಇಲ್ಲ. ಹೊಸ ತಗಡು ಬಗ್ಗಿಸಿ, ಕೂರಿಸಿ, ಅಲ್ಲಲ್ಲಿ ವೆಲ್ಡಿಂಗ್ ಟಾಕಾ ಹಾಕಿದೆ. ನೋಡಲು ಚೆಂದ ಇತ್ತು. ಸಂಜೆ ಖುಷಿಯಲ್ಲಿ ಬೆಣ್ಣೆ ದೋಸೆ ತಿಂದು ಬಂದೆವು.

ಮಾರನೇ ದಿನ ಬಾಗಿಲು ಕೂರಿಸಿ ನೋಡಿದರೆ ಮುಚ್ಚುತ್ತಿಲ್ಲ. ಬಾಗಿಲ ಮೇಲಿನ ಹಿಂಮೂಲೆ ಕಂಬಕ್ಕೆ ಉಜ್ಜುತ್ತಿದೆ. ಹಿಂಜ್ ಸರಿಮಾಡಿದೆ, ಆಗಲಿಲ್ಲ. ಲಾಕ್ ಸರಿಸಿದೆ, ಆಗಲಿಲ್ಲ. ಅರ್ಧ ದಿನ ಬಾಗಿಲ ಜೊತೆ ಜಗಳ ಆಡಿದೆ. ಆಮೇಲೆ ಟೇಪು ತಗೊಂಡು ಬಾಗಿಲ ಜಾಗವನ್ನು ಮೂಲೆಯಿಂದ ಮೂಲೆಗೆ ಅಳೆದೆ. ಬಲಗಡೆಗೂ ಎಡಗಡೆಗೂ ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ಕಾರಿನ ನಡು ಕುಸಿದಿತ್ತು, ಬಾಗಿಲ ಜಾಗ ಮೇಲ್ಗಡೆ ಕಿರಿದಾಗಿತ್ತು. ಅದೇ ಕುಸಿದ ಆಕಾರದಲ್ಲೇ ನಾನು ಹೊಸ ತಗಡಿಗೆ ವೆಲ್ಡಿಂಗ್ ಮಾಡಿ ಗಟ್ಟಿ ಮಾಡಿದ್ದೆ.

ಚಾಚಾ ಬಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನನ್ನ ಟಾಕಾಗಳನ್ನೆಲ್ಲ ಒಂದೊಂದಾಗಿ ಗ್ರೈಂಡರ್‌ನಲ್ಲಿ ಬಿಡಿಸಿದರು. ನಡುವಿಗೆ ದಪ್ಪ ಹಲಗೆ ಇಟ್ಟು, ಅದರ ಕೆಳಗೆ ಜಾಕಿ ಕೊಟ್ಟು, ಕೂದಲೆಳೆಯಷ್ಟು ಎತ್ತುವುದು, ಅಳೆಯುವುದು, ಮತ್ತೆ ಎತ್ತುವುದು. ಬಲಗಡೆಯ ಅಳತೆಗೆ ಹತ್ತಿರ ಬಂದ ಮೇಲೆ ಆಕಾರ ಕದಲದಂತೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಎರಡು ಆಂಗ್ಲರ್ ಪಟ್ಟಿ (L ಆಕಾರದ ಕಬ್ಬಿಣ) ವೆಲ್ಡ್ ಮಾಡಿದರು. ಆಮೇಲೆಯೇ ತಗಡು ಮುಟ್ಟಿದ್ದು. ಬಲಗಡೆಯಲ್ಲಂತೂ ಕತ್ತರಿಸುವ ಮೊದಲೇ ಪಟ್ಟಿ ಹಾಕಿಸಿದೆವು. ಆಂಗ್ಲರ್ ತುಂಡುಗಳು ಗುಜರಿ ಅಂಗಡಿಯಲ್ಲಿ ನಾನೂರು ರೂಪಾಯಿಗೆ ಸಿಕ್ಕಿದ್ದು. ಆ ನಾನೂರು ರೂಪಾಯಿ ಮೊದಲೇ ಹಾಕದ್ದಕ್ಕೆ ಹೋಗಿದ್ದು ಹನ್ನೆರಡು ದಿನ ಮತ್ತು ಒಂಬತ್ತು ಸಾವಿರ. ಕತ್ತರಿಸಿದ್ದು ನಾನು, ಆದ್ದರಿಂದ ಅದನ್ನು ಮೇಷ್ಟ್ರ ಲೆಕ್ಕಕ್ಕೆ ಬರೆಯಲಿಲ್ಲ.

ಇಂಜಿನ್ ಮಾತ್ರ ಬಂಗಾರದಂಥದ್ದು. ಜಾಮ್ ಆಗಿತ್ತು, ನಿಜ. ಸೆಲ್ಫ್ ಹೊಡೆದು ಎಳೆಯುವ ಆಸೆ ತಡೆದುಕೊಂಡೆ. ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್‌ಗೆ ಆಯಿಲ್ ಬೆರೆಸಿ ಬಿಟ್ಟು, ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ಕ್ರ್ಯಾಂಕ್ ನಟ್ಟಿಗೆ ಪಾನಾ ಕೊಟ್ಟು ಮೆಲ್ಲಗೆ ಹಿಂದೆ ಮುಂದೆ ಮಾಡಿದರೆ ತಿರುಗಿತು. ಹೆಡ್ ಇಳಿಸಿ ನೋಡಿದರೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಚೆನ್ನಾಗಿತ್ತು. ರಿಂಗು, ಗ್ಯಾಸ್ಕೆಟ್, ವಾಲ್ವ್ ಗ್ರೈಂಡಿಂಗ್, ಅಷ್ಟರಲ್ಲಿ ಮುಗಿಯಿತು. ಬೇಕಾದ ಸಾಮಾನು ಮುಂಬೈಯಿಂದ ಬಂತು. ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಈ ಕಾರು ದಶಕಗಟ್ಟಲೆ ಓಡಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರ್‌ನಲ್ಲಿ. ಆ ಟ್ಯಾಕ್ಸಿಗಳ ಪುಣ್ಯದಿಂದ ಇವತ್ತಿಗೂ ಸಣ್ಣಪುಟ್ಟ ಸಾಮಾನು ಸಿಗುತ್ತದೆ. ಮೊದಲ ಸಲ ಹಳೇ ಕಾರು ಮುಟ್ಟುವವರಿಗೆ ನಾನು ಪದ್ಮಿನಿಯನ್ನೋ ಅಂಬಾಸಡರ್‌ನ್ನೋ ಹೇಳುವುದು ಇದಕ್ಕೇ. ಅಪರೂಪದ ಫಾರಿನ್ ಕಾರು ಕಡಿಮೆ ದುಡ್ಡಿಗೆ ಸಿಕ್ಕಿತು ಎಂದು ಕುಣಿಯಬೇಡಿ. ಅದರ ಒಂದು ಹೆಡ್‌ಲೈಟ್ ಗಾಜಿಗೆ ವರ್ಷ ಕಾಯಬೇಕಾಗುತ್ತದೆ.

ಬ್ರೇಕಿನದು ಹರಿಹರದ ಕಥೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ವೀಲ್ ಸಿಲಿಂಡರ್‌ಗಳ ಒಳಗೆಲ್ಲ ಜಂಗು ತಿಂದು ಗುಳಿ ಬಿದ್ದಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಗಾಡಿ ನಿಂತರೆ ಆ ತೇವ ಒಳಗಿನಿಂದ ತಿನ್ನುತ್ತದೆ. ಹೊಸ ರಬ್ಬರ್ ಕಿಟ್ ಹಾಕಿದರೂ ಗುಳಿಯಲ್ಲಿ ಸೋರುತ್ತೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇತ್ತು, ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟಿದ್ದು. ಕಾರ್ಖಾನೆ ಮುಚ್ಚಿತು, ಅಲ್ಲಿ ಕೈ ಪಳಗಿಸಿಕೊಂಡವರು ಊರಲ್ಲಿ ಉಳಿದರು. ಅಂಥ ಒಬ್ಬ ಹಿರಿಯರ ಶೆಡ್ಡಿಗೆ ಸಿಲಿಂಡರ್ ತಗೊಂಡು ಹೋಗಿ ಕಾರಿನ ಕಥೆಯನ್ನೆಲ್ಲ ಹೇಳಲು ಶುರುಮಾಡಿದೆ. "ಅಳತೆ ತಂದಿದ್ದೀಯೋ, ಬರೀ ಕಥೆ ತಂದಿದ್ದೀಯೋ?" ಎಂದರು. ತಂದಿರಲಿಲ್ಲ. ಹೊಸ ರಬ್ಬರ್ ತಗೊಂಡು ಮಾರನೇ ದಿನ ಮತ್ತೆ ಹೋದೆ. ಒಳಗೆ ಹಿತ್ತಾಳೆಯ ಸ್ಲೀವ್, ಅಂದರೆ ತೆಳು ಕೊಳವೆ, ಕೂರಿಸಿ, ರಬ್ಬರಿನ ಅಳತೆಗೆ ಸರಿಯಾಗಿ ಬೋರ್ ಮಾಡಿಕೊಟ್ಟರು. ಇವತ್ತಿನವರೆಗೂ ಒಂದು ಹನಿ ಸೋರಿಲ್ಲ.

ಪೆಟ್ರೋಲ್ ಪೈಪು ಎಲ್ಲ ಬದಲಿಸಿದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತದ್ದು. ಹಳೇ ರಬ್ಬರು ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಬಿಸಿ ಇಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತೆ ಎಂದು ಹೇಳಬೇಕಾಗಿಲ್ಲ. ಈ ಖರ್ಚಿನಲ್ಲಿ ಚೌಕಾಸಿ ಬೇಡವೇ ಬೇಡ.

ಇಷ್ಟೊತ್ತಿಗೆ ಲೆಕ್ಕ ಒಂದು ಲಕ್ಷ ಮೂವತ್ತು ದಾಟಿತ್ತು. ಬಣ್ಣ ಬಾಕಿ, ಟೈರು ಬಾಕಿ, ಸೀಟು ಬಾಕಿ. ಮೇಷ್ಟ್ರ ಮನೆಗೆ ಹೋಗಿ ಚೀಟಿಗಳನ್ನೆಲ್ಲ ಟೇಬಲ್ ಮೇಲಿಟ್ಟೆ. ಹೋಗುವಾಗ ಕಾಲು ನಡುಗುತ್ತಿತ್ತು ಎಂದರೆ ಸುಳ್ಳಲ್ಲ. ಅವರು ಒಂದೊಂದೇ ಚೀಟಿ ನೋಡಿ, ಕೆಂಪು ಪೆನ್ನು ತಗೊಂಡು, ನನ್ನ ಕೂಡಿಕೆಯಲ್ಲಿ ಎರಡು ತಪ್ಪು ಹಿಡಿದರು. ಮೇಷ್ಟ್ರಲ್ವಾ. ಆಮೇಲೆ ಕೇಳಿದರು, "ಬಣ್ಣ ಇಲ್ಲದೆ ಓಡಿಸಬಹುದಾ?"

ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ನನ್ನ ತಲೆಯಲ್ಲಿ ಇದ್ದಿದ್ದು ಮೊಬೈಲಿನಲ್ಲಿ ನೋಡಿದ ಥಳಥಳ ಕಾರುಗಳು. ಓಡಿಸಬಹುದು. ಬರಿಯ ತಗಡು ಬಿಡಬಾರದು ಅಷ್ಟೆ, ತೇವ ಸೋಕಿದರೆ ಜಂಗು ಶುರು. ಹೊಸ ತಗಡಿಗೆಲ್ಲ ಎಪಾಕ್ಸಿ ಪ್ರೈಮರ್ ಹೊಡೆದು, ಅದರ ಮೇಲೆ ಹಳೇ ಬಣ್ಣಕ್ಕೆ ಹತ್ತಿರದ ಕೆನೆ ಬಣ್ಣವನ್ನು ಬೇಕಾದಷ್ಟು ಜಾಗಕ್ಕೆ ಮಾತ್ರ ಹೊಡೆದೆವು. ಉಳಿದ ಕಡೆ ಪಾಲಿಶ್. ಟೈರು ನಾಲ್ಕೂ ಹೊಸದು, ಅದರಲ್ಲಿ ರಾಜಿ ಇಲ್ಲ. ಸೀಟು ಮೇಡಮ್ಮನವರು ಹೊಲಿಸಿದರು, ತಮ್ಮ ದುಡ್ಡಿನಲ್ಲಿ. ಅದು ಹೇಗೆ ಒಪ್ಪಿದರು ಎಂದು ನಾನೂ ಕೇಳಲಿಲ್ಲ, ಮೇಷ್ಟ್ರೂ ಕೇಳಿರಲಿಕ್ಕಿಲ್ಲ.

ಮೂರು ತಿಂಗಳು ಎಂದಿದ್ದ ಕೆಲಸ ಮುಗಿದಿದ್ದು ಏಳನೇ ತಿಂಗಳಿಗೆ. ಅದರಲ್ಲಿ ಒಂದು ಪೆಟ್ಟು ಮೇಷ್ಟ್ರಿಗೇ ಬಿತ್ತು. ಕಾರಿನ ಆರ್‌ಸಿ ಜುಲೈಗೆ ಮುಗಿಯುತ್ತಿತ್ತು. ನಾನು ಹೇಳಿದ ದಿನಕ್ಕೆ ಕೊಟ್ಟಿದ್ದರೆ ನವೀಕರಣದ ಶುಲ್ಕ 5,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿತು. ತಡವಾಗಿದ್ದಕ್ಕೆ ದಂಡ ಬೇರೆ. ನಾನು ಇಂಜಿನ್, ತಗಡು ಎಂದು ಓಡಾಡುತ್ತಿದ್ದೆ, ಆರ್‌ಸಿ ಪುಸ್ತಕ ತೆರೆದು ತಾರೀಖು ನೋಡಿರಲೇ ಇಲ್ಲ. ಒಂದು ಒಳ್ಳೇ ಕೆಲಸ ಮಾಡಿದ್ದೆವು. ಪ್ರೈಮರ್ ಹೊಡೆಯುವಾಗ ಚಾಸಿ ನಂಬರಿನ, ಅಂದರೆ ಗಾಡಿಯ ಗುರುತಿನ ನಂಬರಿನ ಮೇಲೆ ಚಾಚಾ ಗ್ರೀಸ್ ಸವರಿ ಟೇಪು ಅಂಟಿಸಿದ್ದರು. ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಟಾರ್ಚ್ ಹಾಕಿದ ಕೂಡಲೇ ನಂಬರು ಸ್ಪಷ್ಟವಾಗಿ ಕಂಡಿತು.

ನನ್ನ ಕೈಗೆ ಉಳಿದಿದ್ದು? ನನ್ನ ಕೂಲಿ ಹಿಡಿದರೆ ನಷ್ಟವೇ. ಮೇಷ್ಟ್ರು ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಒಂದು ಕವರ್ ಕೊಟ್ಟರು, ಬೇಡ ಎಂದರೂ ಜೇಬಿಗೆ ತುರುಕಿದರು. ಈಗ ಭಾನುವಾರ ಬೆಳಿಗ್ಗೆ ಇಬ್ಬರೂ ಕೊಂಡಜ್ಜಿ ಕೆರೆ ಕಡೆ ಹೋಗುತ್ತಾರೆ. ಎಡಗಡೆಯ ಮುಂದಿನ ಬಾಗಿಲು ಇವತ್ತಿಗೂ ಸ್ವಲ್ಪ ಎತ್ತಿ ಹಾಕಬೇಕು. ಮೇಡಮ್ಮನವರಿಗೆ ಅದು ಅಭ್ಯಾಸ ಆಗಿದೆ. ಬೇರೆಯವರು ಹಾಕಲು ಹೋದರೆ "ನೀವು ಬಿಡಿ, ನಿಮಗೆ ಬರಲ್ಲ" ಎನ್ನುತ್ತಾರಂತೆ.

ಹೋದ ವಾರ ಹೊಳಲ್ಕೆರೆಯಿಂದ ಒಬ್ಬರು ಫೋನ್ ಮಾಡಿದ್ದರು. ಅಂಬಾಸಡರ್ ಇದೆಯಂತೆ, ಅವರ ತಂದೆಯದು. "ಅಂದಾಜು ಒಂದು ರೇಟ್ ಹೇಳಿ ಅಣ್ಣ" ಎಂದರು. ನಾನು ಮೊದಲು ಬಂದು ನೋಡ್ತೀನಿ, ನೋಡೋದಕ್ಕೆ ಸಾವಿರದ ಐನೂರು, ಮ್ಯಾಟ್ ಎತ್ತಿ ತೋರಿಸಬೇಕು, ಆರ್‌ಸಿ ಎದುರಿಗೆ ಇಟ್ಟಿರಬೇಕು ಎಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ನೋಡಿ ಹೇಳ್ತೀನಿ ಎಂದು ಫೋನ್ ಇಟ್ಟರು. ಸ್ಕ್ರೂಡ್ರೈವರು, ಮ್ಯಾಗ್ನೆಟ್ಟು, ಟೇಪು ಮೂರನ್ನೂ ಒಂದು ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ.