ಎರಡು ಮಿಂಚು

ನಿದ್ದೆ ಬರಲಿಲ್ಲ ಅಂತ ಸುಮ್ನೆ ನ್ಯೂಟ್ರಿನೊ ಬಗ್ಗೆ ಓದುತ್ತಾ ಕೂತಿದ್ದೇನೆ, ಅದೇ, ಎಲ್ಲವನ್ನೂ ತೂರಿಹೋಗುವ, ಸುಲಭಕ್ಕೆ ಸಿಗದ ಅತಿ ಸಣ್ಣ ಕಣ. ಅದನ್ನು ಪತ್ತೆಹಚ್ಚುವ ಚೀನಾದ ಜೂನೋ ಡಿಟೆಕ್ಟರ್ ಇದೆಯಲ್ಲ, ನೆಲದಡಿ 700 ಮೀಟರ್ ಆಳದಲ್ಲಿ, 35 ಮೀಟರ್ ಅಗಲದ ಅಕ್ರಿಲಿಕ್ ಗೋಳ. ಒಳಗೆ 20,000 ಟನ್ ಎಣ್ಣೆಯಂಥ ದ್ರವ. ಅದರಲ್ಲಿ ಹೆಚ್ಚಿನದು ಡಿಟರ್ಜೆಂಟ್ ತಯಾರಿಸಲು ಬಳಸುವ ಕಚ್ಚಾವಸ್ತುವೇ! ತಮಾಷೆ ಅಲ್ವಾ?

ಅಣು ರಿಯಾಕ್ಟರಿನಿಂದ ಬಂದ ಆಂಟಿನ್ಯೂಟ್ರಿನೊ (ನ್ಯೂಟ್ರಿನೊದ ಪ್ರತಿಕಣ) ಅಪರೂಪಕ್ಕೆ ಆ ದ್ರವದ ಒಂದು ಪ್ರೋಟಾನಿಗೆ ಡಿಕ್ಕಿ ಹೊಡೆದರೆ ಒಂದು ಮಿಂಚು. ಸೆಕೆಂಡಿನ ಸುಮಾರು ಐದು ಸಾವಿರದಲ್ಲಿ ಒಂದು ಭಾಗ ಬಿಟ್ಟು, ಆ ಡಿಕ್ಕಿಯಲ್ಲಿ ಹುಟ್ಟಿದ ನ್ಯೂಟ್ರಾನ್ ಸಿಕ್ಕಿಬಿದ್ದಾಗ ಇನ್ನೊಂದು. ಈ ಜೋಡಿ ಕಂಡರೆ ಬಂದವರು ಯಾರು ಅಂತ ಗೊತ್ತಾಗುತ್ತದೆ. ಯಾವಾಗಲೂ ಎರಡೇ ಸಲ ಕದ ತಟ್ಟುವ ಪರಿಚಯದವರ ಹಾಗೆ.

ಇದೇ ಉಪಾಯದಿಂದ ಜಪಾನಿನ ಕಾಮ್‌ಲ್ಯಾಂಡ್ ಡಿಟೆಕ್ಟರ್ 2005ರಲ್ಲಿ ಭೂಮಿಯ ಒಡಲಿನಿಂದ ಬರುವ ನ್ಯೂಟ್ರಿನೊಗಳ ಸುಳಿವು ಹಿಡಿದಿತ್ತು. ಜೂನೋದ ಮುಖ್ಯ ಕೆಲಸ ಮೂರು ಬಗೆಯ ನ್ಯೂಟ್ರಿನೊಗಳಲ್ಲಿ ಯಾವುದು ಹಗುರ, ಯಾವುದು ಭಾರ ಅನ್ನುವ ಕ್ರಮ ಕಂಡುಹಿಡಿಯುವುದು. ನನಗೆ ಮಾತ್ರ ಸೂಪರ್‌ನೋವಾ, ಅಂದರೆ ಸಿಡಿಯುವ ನಕ್ಷತ್ರದ ಮೇಲೇ ಕಣ್ಣು. 1987ರಲ್ಲಿ ಅಂಥದ್ದೊಂದು ಕಂಡಾಗ ಸಿಕ್ಕಿದ್ದು ಎಲ್ಲಾ ಡಿಟೆಕ್ಟರ್‌ಗಳೂ ಸೇರಿ ಸುಮಾರು ಎರಡು ಡಜನ್ ನ್ಯೂಟ್ರಿನೊ. ನಮ್ಮ ಗ್ಯಾಲಕ್ಸಿಯಲ್ಲೇ ಒಂದು ನಕ್ಷತ್ರ ಸಿಡಿದರೆ ಈ ಗೋಳದಲ್ಲಿ ಸಾವಿರಾರು! ನಾಳೆಯೋ, ಇನ್ನು ಐವತ್ತು ವರ್ಷಕ್ಕೋ. ಡಿಟೆಕ್ಟರ್ ಅಂತೂ 2025ರ ಆಗಸ್ಟ್‌ನಿಂದ ಎಚ್ಚರವಾಗಿದೆ. ನಾನೂ.