ಶ್ರೀಲಂಕಾದಲ್ಲಿ ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು?

ಶ್ರೀಲಂಕಾಕ್ಕೆ ಟಿಕೆಟ್ ಮಾಡಿಸಿದ ಹಕ್ಕಿಪ್ರಿಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಅವರ ಪಟ್ಟಿಯಲ್ಲಿ ಯಾಲ ರಾಷ್ಟ್ರೀಯ ಉದ್ಯಾನ ಆಗಲೇ ಇರುತ್ತದೆ. ಸಿಗಿರಿಯಾ ಇರುತ್ತದೆ, ಕ್ಯಾಂಡಿ ಇರುತ್ತದೆ. "ಇದರ ಮಧ್ಯೆ ಹಕ್ಕಿಗೆ ಎಲ್ಲಿ ಸ್ವಲ್ಪ ಟೈಮ್ ಕೊಡೋಣ?" ಅಂತ ಕೇಳುತ್ತಾರೆ.

ನನ್ನ ಉತ್ತರ ಯಾವಾಗಲೂ ಒಂದೇ. ಸಿಂಹರಾಜ ಅನ್ನುವ ಮಳೆಕಾಡಿಗೆ ಹೋಗಿ. ಅಲ್ಲೇ ಮೂರು ರಾತ್ರಿ ಉಳಿಯಿರಿ. ಮಿಕ್ಕಿದ್ದನ್ನು ಆಮೇಲೆ ಯೋಚಿಸಿ. ಯಾಲ ಬಿಟ್ಟರೂ ನಡೆಯುತ್ತದೆ.

ಯಾಕೆ ಅಂತ ಹೇಳುತ್ತೇನೆ. ಶ್ರೀಲಂಕಾ 65,610 ಚದರ ಕಿಲೋಮೀಟರಿನ ದ್ವೀಪ, ನಮ್ಮ ಕರ್ನಾಟಕದ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಅಷ್ಟು ಜಾಗದಲ್ಲಿ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳು 30ಕ್ಕೂ ಹೆಚ್ಚಿವೆ. ಆದರೆ ಅವು ದ್ವೀಪದ ತುಂಬ ಹರಡಿಕೊಂಡಿಲ್ಲ. ಮುಕ್ಕಾಲು ಪಾಲು ದ್ವೀಪ ಒಣ ಸೀಮೆ. ನೈಋತ್ಯದ ಮೂಲೆ ಮತ್ತು ನಡುವಿನ ಬೆಟ್ಟಗಳು ಮಾತ್ರ ಮಳೆ ಸೀಮೆ. ದ್ವೀಪದ್ದೇ ಆದ ಹಕ್ಕಿಗಳಲ್ಲಿ ಹೆಚ್ಚಿನವು ನೆಚ್ಚಿಕೊಂಡಿರುವುದು ಈ ಮಳೆ ಸೀಮೆಯನ್ನೇ. ಸಿಂಹರಾಜ ಇರುವುದೂ ಇಲ್ಲೇ. ಅಲ್ಲಿನ ಕಾಡುಕೋಳಿಯಂಥ ಕೆಲವು ಮಾತ್ರ ಒಣ ಕಾಡಿನಲ್ಲೂ ಆರಾಮಾಗಿ ಸಿಗುತ್ತವೆ. ಯಾಲದಲ್ಲಿ ದಿನವಿಡೀ ಜೀಪಿನಲ್ಲಿ ಕೂತರೆ ನಿಮಗೆ ಕಾಣುವುದರಲ್ಲಿ ಬಹುಪಾಲು ನವಿಲು, ಬಣ್ಣದ ಕೊಕ್ಕರೆ, ಬಾಯ್ಕಳಕ, ಜೇನುನೊಣಬಾಕ. ಚೆಂದದ ಹಕ್ಕಿಗಳೇ, ಅನುಮಾನವಿಲ್ಲ. ಆದರೆ ರಂಗನತಿಟ್ಟು, ಬಂಡೀಪುರ ನೋಡಿದವರು ಅವುಗಳಿಗಾಗಿ ಸಮುದ್ರ ದಾಟಬೇಕಾಗಿಲ್ಲ ಅಲ್ವಾ? ಚಿರತೆ ನೋಡಲೇಬೇಕು ಅನ್ನುವವರು ಯಾಲಕ್ಕೆ ಹೋಗಲಿ.

ಮಲೆನಾಡಿನ ಹಕ್ಕಿಗಳ ಪರಿಚಯ ಇದ್ದವರಿಗೆ ಅಲ್ಲಿನ ಮಳೆಕಾಡು ಇನ್ನೂ ಹೆಚ್ಚು ಖುಷಿ ಕೊಡುತ್ತದೆ. ನಮ್ಮ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ಒಂದೇ ಜೀವವೈವಿಧ್ಯದ ತಾಣ ಅಂತಲೇ ಲೆಕ್ಕ ಹಾಕುತ್ತಾರೆ. ಕಾಕರಣೆ ಹಕ್ಕಿ ಇಲ್ಲೂ ಇದೆ, ಅಲ್ಲೂ ಇದೆ. ಕಪ್ಪೆಬಾಯಿ ಹಕ್ಕಿಯೂ ಅಷ್ಟೇ. ಮಿಕ್ಕ ಕಡೆ ಅಣ್ಣ-ತಮ್ಮಂದಿರ ಹಾಗೆ ಜೋಡಿಗಳು ಸಿಗುತ್ತವೆ. ನಮ್ಮ ಘಟ್ಟದ ಬೂದು ಮಂಗಟ್ಟೆಗೆ ಅಲ್ಲೊಂದು ಬೂದು ಮಂಗಟ್ಟೆ. ನೀಲಗಿರಿಯ ಕಾಡುಪಾರಿವಾಳಕ್ಕೆ ಅಲ್ಲಿನ ಬೆಟ್ಟದ ಕಾಡುಪಾರಿವಾಳ. ಕೊಡಗಿನ ಹಳ್ಳಗಳಲ್ಲಿ ಮನುಷ್ಯರಂತೆ ಸಿಳ್ಳೆ ಹೊಡೆಯುವ ನಮ್ಮ ಸಿಳ್ಳಾರನಿಗೆ ಅಲ್ಲೊಬ್ಬ ಮಹಾ ನಾಚಿಕೆಯ ಸಂಬಂಧಿ ಇದ್ದಾನೆ. ಅವನ ವಿಷಯ ಮುಂದೆ ಹೇಳುತ್ತೇನೆ.

ಈಗ ಸಿಂಹರಾಜ. 1970ರ ದಶಕದಲ್ಲಿ ಈ ಕಾಡನ್ನು ಪ್ಲೈವುಡ್‌ಗಾಗಿ ಕಡಿಯುತ್ತಿದ್ದರು. ಯಂತ್ರಗಳು ಒಳಗೆ ನುಗ್ಗಿದ್ದವು. ಜನ ಎದ್ದು ನಿಂತರು. ಆ ಹೋರಾಟದಲ್ಲಿ ಮುಂದಿದ್ದವರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದು ಲಂಕೆಯಲ್ಲೇ ನೆಲೆಸಿದ್ದ ಥಿಲೋ ಹಾಫ್‌ಮನ್ ಒಬ್ಬರು. ಆ ದಶಕ ಮುಗಿಯುವ ಮೊದಲೇ ಕಡಿತ ನಿಂತಿತು. 1988ರಲ್ಲಿ ಸಿಂಹರಾಜ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇವತ್ತು ಕಾಡಂಚಿನ ಕುಡಾವ ಹಳ್ಳಿಯ ಕಡೆಯಿಂದ ಒಳಗೆ ಹೋದರೆ ನೀವು ನಡೆಯುವ ಅಗಲ ದಾರಿ ಇದೆಯಲ್ಲ, ಅದು ಆಗ ಮರ ಸಾಗಿಸಲು ಮಾಡಿದ್ದ ದಾರಿ. ಎರಡೂ ಕಡೆ ಕಾಡು ಮತ್ತೆ ಬೆಳೆದು ನಿಂತಿದೆ. ದಾರಿ ಅಗಲ ಇರುವುದರಿಂದ ಹಕ್ಕಿ ಕಾಣುತ್ತದೆ. ಒಳಗಿನ ಇಕ್ಕಟ್ಟು ಕಾಲುದಾರಿಗಳಲ್ಲಿ ದನಿ ಕೇಳುತ್ತದೆ, ರೆಕ್ಕೆ ಕಾಣುವುದಿಲ್ಲ.

ಆ ದಾರಿಯಲ್ಲಿ ಮೊದಲ ಒಂದು ಗಂಟೆ ಏನೂ ಕಾಣದೇ ಹೋಗಬಹುದು. ಜೀರುಂಡೆ ಸದ್ದು, ಎಲೆಯಿಂದ ತೊಟ್ಟಿಕ್ಕುವ ನೀರು, ಅಷ್ಟೇ. ತುಂಬ ಜನ ಇಲ್ಲೇ ತಾಳ್ಮೆ ಕಳೆದುಕೊಂಡು ಜಲಪಾತದ ಕಡೆ ನಡೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದು ತಿರುವಿನಲ್ಲಿ ನಿಂತುಕೊಳ್ಳಿ. ಮೊದಲು ಕಿಚಪಿಚ ಅಂತ ಒಂದು ಗಲಾಟೆ ಕೇಳುತ್ತದೆ. ಕಿತ್ತಳೆ ಕೊಕ್ಕಿನ, ಕಂದು ಬಣ್ಣದ ಹರಟೆಮಲ್ಲಗಳು ಗುಂಪಾಗಿ ಪೊದೆಯಿಂದ ಪೊದೆಗೆ ಜಿಗಿಯುತ್ತ ಬರುತ್ತವೆ. ಒಂದು ನಿಮಿಷವೂ ಬಾಯಿ ಮುಚ್ಚುವುದಿಲ್ಲ. ಅವುಗಳ ಜೊತೆಗೇ ಜುಟ್ಟಿನ ಕಪ್ಪು ಕಾಜಾಣ. ನಮ್ಮ ಭೀಮರಾಜನ ಬಳಗ. ಬಾಲದ ತುದಿಯ ಉದ್ದನೆಯ ಗರಿ ಮಾತ್ರ ಇಲ್ಲ. ಇಷ್ಟು ಕಂಡರೆ ಸಾಕು, ದುರ್ಬೀನು ಕೆಳಗಿಳಿಸಬೇಡಿ. ಹಿಂದೆ ಇಡೀ ಕಾಡೇ ಬರುತ್ತಿದೆ.

ನಡು ಎತ್ತರದ ಕೊಂಬೆಯಲ್ಲಿ ಕಾಕರಣೆ ಹಕ್ಕಿ ಬಂದು ಅಲುಗದೆ ಕೂರುತ್ತದೆ. ಬಳ್ಳಿ ಹೆಣೆದ ಮರದ ತುದಿಯಲ್ಲಿ ಕೆಂಪು ಮುಖದ ಮಾಲ್ಕೋಹ ಸರಿದಾಡುತ್ತದೆ. ಉದ್ದ ಬಾಲ, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಕುಂಕುಮ ಬಳಿದಷ್ಟು ಕೆಂಪು. ಇದು ಪೂರ್ತಿ ಹೊರಗೆ ಬರುವುದು ಅಪರೂಪ, ಬಾಲವೊಂದು ಕಂಡರೂ ಸಂತೋಷಪಡಿ. ಮರಕುಟಿಗ, ಕಪ್ಪು ತಲೆಯ ಪಿಕಳಾರ, ಬೂದು ತಲೆಯ ಹರಟೆಮಲ್ಲ ಎಲ್ಲ ಸೇರಿಕೊಳ್ಳುತ್ತವೆ. ಅದೃಷ್ಟ ಇದ್ದರೆ ನೀಲಿ ಮಟಪಕ್ಷಿ. ಸಿಂಹಳದಲ್ಲಿ ಇದಕ್ಕೆ ಕೆಹಿಬೆಲ್ಲ ಅನ್ನುತ್ತಾರೆ. ಮೈಯೆಲ್ಲ ಕಡು ನೀಲಿ, ತಲೆ ಮತ್ತು ರೆಕ್ಕೆ ಕೆಂಗಂದು, ಕೊಕ್ಕು ಕಾಲು ಹವಳದ ಕೆಂಪು. ಚಿತ್ರದಲ್ಲಿ ನೋಡಿದಾಗ ಬಣ್ಣ ಜಾಸ್ತಿ ಹಾಕಿದ್ದಾರೆ ಅನ್ನಿಸುತ್ತದೆ. ಎದುರಿಗೆ ಕಂಡಾಗ ಚಿತ್ರವೇ ಕಡಿಮೆಯಾಯಿತು ಅನ್ನಿಸುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ದಾಟಿ ಹೋಗಿ ಕಾಡು ಮತ್ತೆ ಸುಮ್ಮನಾಗುತ್ತದೆ.

ಈ ಮಿಶ್ರ ಗುಂಪುಗಳ ಅಧ್ಯಯನ ಸಿಂಹರಾಜದಲ್ಲಿ 1981ರಲ್ಲೇ ಶುರುವಾಯಿತು. ಪ್ರೊಫೆಸರ್ ಸರತ್ ಕೋಟಗಮ ಅದರ ಹಿಂದಿನ ದೊಡ್ಡ ಹೆಸರು. ಅವರೂ ಎಬೆನ್ ಗುಡೇಲ್ ಅವರೂ ಎಣಿಸಿದ ಗುಂಪುಗಳಲ್ಲಿ ಸರಾಸರಿ 40ರಷ್ಟು ಹಕ್ಕಿಗಳು, ಹತ್ತಕ್ಕೂ ಹೆಚ್ಚು ಜಾತಿಗಳು ಇದ್ದವು. ಹರಟೆಮಲ್ಲಗಳು ಎಲೆ ಕೆದಕುತ್ತ ಹೋದಂತೆ ಹುಳು ಹಾರುತ್ತದೆ, ಕಾಜಾಣ ಅದನ್ನು ಗಾಳಿಯಲ್ಲೇ ಹಿಡಿಯುತ್ತದೆ. ಬದಲಿಗೆ ಕಾಜಾಣ ಕಾವಲು ಕಾಯುತ್ತದೆ, ಗಿಡುಗ ಬಂದರೆ ಕೂಗಿ ಎಚ್ಚರಿಸುತ್ತದೆ. ಅವರು ಕಂಡುಕೊಂಡದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಬೇರೆ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತದಲ್ಲ, ಆ ಅನುಕರಣೆ ಕೇಳಿಸಿದರೆ ಬೇರೆ ಹಕ್ಕಿಗಳು ಹತ್ತಿರ ಬರುತ್ತವೆ. ಅಂದರೆ ಗುಂಪು ಕೂಡಿಸುವುದರಲ್ಲಿ ಆ ಕಳ್ಳದನಿಗೂ ಪಾಲಿದೆ. ಇದು ತಿಳಿದ ಮೇಲೆ ಕಾಜಾಣ ಕೂಗಿದಾಗ ಕಿವಿ ತಾನಾಗಿ ನಿಮಿರುತ್ತದೆ.

ಇನ್ನು ರಾತ್ರಿಯ ಕಥೆ. 1995ರಲ್ಲಿ ಕಿತುಲ್ಗಲದ ಕಾಡಿನಲ್ಲಿ ಪಕ್ಷಿತಜ್ಞ ದೀಪಲ್ ವಾರಕಗೊಡ ಅವರಿಗೆ ಒಂದು ಸಣ್ಣ ಕೂಗು ಕೇಳಿಸಿತು. ಪರಿಚಯದ ಯಾವ ಹಕ್ಕಿಯದೂ ಅಲ್ಲ. ಅವರು ಅದನ್ನು ಬಿಡಲಿಲ್ಲ. 2001ರ ಜನವರಿಯಲ್ಲಿ ಸಿಂಹರಾಜದಲ್ಲಿ ಕೊನೆಗೂ ಆ ಹಕ್ಕಿಯನ್ನು ಕಣ್ಣಾರೆ ಕಂಡರು. ಕೆಂಗಂದು ಬಣ್ಣದ, ಕಿವಿಗರಿಯಿಲ್ಲದ ಪುಟ್ಟ ಗೂಬೆ. 2004ರಲ್ಲಿ ಅದು ವಿಜ್ಞಾನಕ್ಕೇ ಹೊಸ ಜಾತಿ ಎಂದು ಪ್ರಕಟವಾಯಿತು. 1868ರ ನಂತರ ಶ್ರೀಲಂಕಾದಲ್ಲಿ ಹೊಸ ಹಕ್ಕಿಯೊಂದು ಪತ್ತೆಯಾಗಿದ್ದು ಅದೇ ಮೊದಲು. ಸೆರೆಂಡಿಬ್ ಗೂಬೆ ಅಂತ ಕರೆಯುತ್ತಾರೆ. ಅದರ ವೈಜ್ಞಾನಿಕ ಹೆಸರಿನಲ್ಲಿ ಥಿಲೋ ಹಾಫ್‌ಮನ್ ಅವರ ಹೆಸರಿದೆ. ಅಂದು ಆ ಕಾಡು ಪ್ಲೈವುಡ್ ಆಗಿ ಹೋಗಿದ್ದರೆ ಈ ಗೂಬೆಗೆ ಇದ್ದ ಕೆಲವೇ ನೆಲೆಗಳಲ್ಲಿ ಒಂದು ಇಲ್ಲವಾಗುತ್ತಿತ್ತು, ನಮಗೆ ಗೊತ್ತೂ ಆಗುತ್ತಿರಲಿಲ್ಲ. ಹಗಲಲ್ಲಿ ಇದು ನೆಲಕ್ಕೆ ಹತ್ತಿರದ ದಟ್ಟ ಪೊದೆಯಲ್ಲಿ ಮಲಗುತ್ತದೆ. ಎಲ್ಲಿ ಮಲಗಿದೆ ಅಂತ ಊರಿನ ಗೈಡ್‌ಗಳಿಗೆ ಮಾತ್ರ ಗೊತ್ತಿರುತ್ತದೆ. ಅವರು ತೋರಿಸಿದರೆ ದೂರದಿಂದ ನೋಡಿ, ಎರಡು ನಿಮಿಷದಲ್ಲಿ ಹೊರಟುಬಿಡಿ. ಫ್ಲ್ಯಾಶ್ ಹಾಕಬೇಡಿ.

ಗೈಡ್ ವಿಷಯ ಬಂತಲ್ಲ. ಸಿಂಹರಾಜಕ್ಕೆ ಗೈಡ್ ಇಲ್ಲದೆ ಬಿಡುವುದಿಲ್ಲ. ಕೊಲಂಬೊದಿಂದ ಒಬ್ಬರನ್ನು ಕರೆದುಕೊಂಡು ಹೋದರೂ ಕಾಡಂಚಿನ ಊರಿನ ಒಬ್ಬರನ್ನು ಜೊತೆ ಮಾಡಿಕೊಳ್ಳಿ. ಕುಡಾವದಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಿರಿ. ಅನ್ನ, ಪರಿಪ್ಪು, ತೆಂಗಿನಕಾಯಿ ಸಂಬಲ, ಬಿಸಿ ಟೀ ಸಿಗುತ್ತದೆ. ಅದಕ್ಕಿಂತ ಮುಖ್ಯ, ಬೆಳಕು ಹರಿಯುವ ಹೊತ್ತಿಗೆ ನೀವು ಕಾಡಿನ ಬಾಗಿಲಲ್ಲಿ ಇರುತ್ತೀರಿ. ರತ್ನಪುರದಲ್ಲಿ ಹೋಟೆಲ್ ಮಾಡಿ ಬೆಳಿಗ್ಗೆ ಬರುತ್ತೇವೆ ಅನ್ನುವವರು ಒಳ್ಳೆಯ ಗಂಟೆಗಳನ್ನೆಲ್ಲ ರಸ್ತೆಯಲ್ಲಿ ಕಳೆಯುತ್ತಾರೆ. ಉಂಬಳದ ಕಾಟ ಇದ್ದೇ ಇದೆ. ಆಗುಂಬೆ ಕಡೆ ಮಳೆಗಾಲದಲ್ಲಿ ಓಡಾಡಿದವರಿಗೆ ಹೊಸದಲ್ಲ. ಲೀಚ್ ಸಾಕ್ಸ್ ಹಾಕಿಕೊಂಡರೆ ಸಾಕು.

ಬೆಟ್ಟದ ಹಕ್ಕಿಗಳಿಗೆ ನುವಾರ ಎಲಿಯಕ್ಕೆ ಹೋಗಬೇಕು. ರಾಮಾಯಣ ಯಾತ್ರೆ ಅಂತ ನಮ್ಮ ಕಡೆಯಿಂದ ಹೋಗುವವರು ಸೀತಾ ಎಲಿಯದ ದೇವಸ್ಥಾನಕ್ಕೆ ಹೇಗೂ ಆ ಊರಿನ ಮೇಲೇ ಹೋಗುತ್ತಾರೆ. ಮನೆಯವರೆಲ್ಲ ಶಾಪಿಂಗ್ ಅಂತ ಹೊರಟಾಗ ನೀವು ಊರ ನಡುವಿನ ವಿಕ್ಟೋರಿಯಾ ಪಾರ್ಕಿಗೆ ನಡೆಯಿರಿ. ಮಕ್ಕಳು ಆಡುವ, ಜನ ತಿರುಗಾಡುವ ಮಾಮೂಲಿ ಪಾರ್ಕು. ಆದರೆ ಚಳಿಗಾಲದಲ್ಲಿ ಅಲ್ಲಿ ಯಾರು ಬಂದಿರುತ್ತಾರೆ ಗೊತ್ತಾ? ಕಾಶ್ಮೀರದ ಕಣಿವೆಗಳಲ್ಲಿ ಮರಿ ಮಾಡುವ, ಕಿತ್ತಳೆ ಗಂಟಲಿನ ಪುಟ್ಟ ನೊಣಹಿಡುಕ. ಹಿಮಾಲಯದಿಂದ ಬರುವ ಕಪ್ಪು-ಬಿಳುಪಿನ ನೆಲಸಿಳ್ಳಾರ. ನವರಂಗ. ಮೂವರೂ ಪಾರ್ಕಿನ ತೊರೆಯ ಬದಿಯ ಒದ್ದೆ ಎಲೆಗಳ ಆಸುಪಾಸಿನಲ್ಲಿ ಸಿಗುತ್ತಾರೆ. ಸಂಜೆ ನಾಲ್ಕರ ನಂತರ ಹೋಗಿ, ಕಸ ಬಿದ್ದ ಮೂಲೆಯಾದರೂ ಮುಖ ಸಿಂಡರಿಸದೆ ಕಾಯಿರಿ.

ಅಲ್ಲಿಂದ ಮೇಲಕ್ಕೆ ಹಾರ್ಟನ್ ಪ್ಲೇನ್ಸ್, 2,000 ಮೀಟರಿಗಿಂತ ಎತ್ತರ. ಎಲ್ಲರೂ ಓಡುವುದು ವರ್ಲ್ಡ್ಸ್ ಎಂಡ್ ಅನ್ನುವ ಪ್ರಪಾತದ ಅಂಚಿಗೆ. ನೀವು ರಸ್ತೆ ಪಕ್ಕದ ಅರೆಂಗಾ ಪೂಲ್ ಹತ್ತಿರ ನಿಲ್ಲಿ. ಆಗಲೇ ಹೇಳಿದ ನಾಚಿಕೆಯ ಸಿಳ್ಳಾರ ಇರುವುದು ಇಲ್ಲೇ. ಕತ್ತಲು ಪೂರ್ತಿ ಹರಿಯುವ ಮೊದಲು ಕಿವಿಗೆ ಚುಚ್ಚುವ ಹಾಗೆ ಒಂದು ಕೂಗು, ಕೊಳದ ಅಂಚಿನಲ್ಲಿ ಒಂದು ಕಪ್ಪು ನೆರಳು, ಬೆಳಕು ಸಿಕ್ಕರೆ ಭುಜದ ಮೇಲೆ ಹೊಳೆಯುವ ನೀಲಿ. ಬಿಸಿಲು ಬಂದ ಮೇಲೆ ಅದನ್ನು ಹುಡುಕುವುದು ಸುಮ್ನೆ. ಮೈ ನಡುಗುವ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ.

ಒಣ ಸೀಮೆಯನ್ನು ನಾನು ಪೂರ್ತಿ ಬಿಡಿ ಅನ್ನುತ್ತಿಲ್ಲ. ನೀರುಹಕ್ಕಿ ಇಷ್ಟ ಇದ್ದವರು ದಕ್ಷಿಣದ ಬುಂದಲಕ್ಕೆ ಹೋಗಬಹುದು. ಶ್ರೀಲಂಕಾದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅದು, 1990ರಿಂದ. ಹಿಂದೆ ರಾಜಹಂಸಗಳಿಗೆ ಹೆಸರಾಗಿತ್ತು. ಆಮೇಲೆ ಮೇಲಿನ ನೀರಾವರಿ ಪ್ರದೇಶದ ಸಿಹಿನೀರು ಉಪ್ಪು ಕಡಲಹಿನ್ನೀರಿಗೆ ಸೇರಿ ಅವುಗಳ ಆಹಾರ ಕಡಿಮೆಯಾಯಿತು. ಈಗ ರಾಜಹಂಸ ಬೇಕಾದವರು ಉತ್ತರದ ಮನ್ನಾರ್‌ಗೆ ಹೋಗುತ್ತಾರೆ. ಮನ್ನಾರ್ ಒಳ್ಳೆಯ ಜಾಗ, ಆದರೆ ದೂರ. ಅಲ್ಲಿನ ಬೂದು ಕೌಜುಗ, ಕಪ್ಪು ಕಾಜಾಣಗಳಿಗೆ ಲಂಕೆಯವರು ಆಸೆಯಿಂದ ಹೋಗುತ್ತಾರೆ. ನಮಗೆ ಅವು ಹೊಲದ ಬದುವಿನಲ್ಲೇ ಸಿಗುತ್ತವೆ.

ಯಾವಾಗ ಹೋಗಬೇಕು? ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಮಳೆಕಾಡಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಡುತ್ತದೆ, ಹಿಮಾಲಯದ ಅತಿಥಿಗಳೂ ಇನ್ನೂ ಇರುತ್ತಾರೆ. ಮೇ, ಜೂನ್ ಬೇಡ.

ಒಂದು ಮಾತು ಕಡ್ಡಾಯವಾಗಿ ಹೇಳುತ್ತೇನೆ. ಗೈಡ್ ಹತ್ತಿರ ಮೊದಲೇ "ಪ್ಲೇಬ್ಯಾಕ್ ಬೇಡ" ಅನ್ನಿ. ಫೋನಿನಲ್ಲಿ ಹಕ್ಕಿಯ ದನಿ ಹಾಕಿದರೆ ಅದು ತನ್ನ ಜಾಗಕ್ಕೆ ವೈರಿ ಬಂದ ಅಂದುಕೊಂಡು ಮೇವು, ಮರಿ ಬಿಟ್ಟು ಓಡಿ ಬರುತ್ತದೆ. ಪ್ರವಾಸಿಗರು ದಿನಾ ಬರುವ ದಾರಿಯಲ್ಲಿ ಅದೇ ಹಕ್ಕಿಗೆ ದಿನಾ ಇದೇ ಪಾಡು. ಎಷ್ಟೋ ಗೈಡ್‌ಗಳಿಗೂ ಇದು ಇಷ್ಟವಿಲ್ಲ, ಬಂದವರು ಒತ್ತಾಯ ಮಾಡುತ್ತಾರೆ ಅಂತ ಹಾಕುತ್ತಾರೆ. ನೀವು ಬೇಡ ಅಂದರೆ ಅವರಿಗೇ ನಿರಾಳ.

"ನಮಗೆ ಇರೋದೇ ಮೂರು ದಿನ" ಅನ್ನುವವರೂ ಇದ್ದಾರೆ. ಅವರಿಗೆ ಕಿತುಲ್ಗಲ ಹೇಳುತ್ತೇನೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಅಲ್ಲಿಂದ ಹಟ್ಟನ್ ರಸ್ತೆ ಹಿಡಿದರೆ ಕೆಲನಿ ನದಿಯ ದಡದಲ್ಲೇ ಊರು. ನದಿ ದಾಟಿದರೆ ಕಾಡು. ನೀಲಿ ಮಟಪಕ್ಷಿ ಸಿಗುವ ಖಾತ್ರಿ ಕಡಿಮೆ. ಆದರೆ ಹಸಿರು ಕೊಕ್ಕಿನ ಕೆಂಬೂತ, ಕೆಂಗಂದು ಬೆನ್ನಿನ ಪುಟ್ಟ ಗೂಬೆ, ಕಪ್ಪೆಬಾಯಿ ಎಲ್ಲ ಅಲ್ಲಿವೆ. ಎರಡು ರಾತ್ರಿ ಅಲ್ಲೇ ಇರಿ, ಮೂರನೇ ದಿನ ಅದೇ ರಸ್ತೆಯಲ್ಲಿ ಮುಂದೆ ನುವಾರ ಎಲಿಯಕ್ಕೆ ಹೋಗುವ ಆಸೆ ಮಾಡಬೇಡಿ. ಬೆಳಿಗ್ಗೆ ಇನ್ನೊಮ್ಮೆ ನದಿ ದಾಟಿ ಕಾಡಿಗೆ ಹೋಗಿ, ಮಧ್ಯಾಹ್ನ ಊಟ ಮಾಡಿ ಏರ್‌ಪೋರ್ಟಿಗೆ ಹೊರಡಿ.