ಅಕ್ಕಡಿ ಸಾಲಿನ ಕಂಪ್ಯೂಟರ್

"ಸರ್, ನಮ್ಮ ಮಕ್ಕಳು ಕನ್ನಡ ಮಾಧ್ಯಮದವರು. ಏನೇ ಹೇಳಿದ್ರೂ ಕನ್ನಡದಲ್ಲೇ ಹೇಳ್ಬೇಕು." ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಹೆಡ್ ಮೇಡಂ ಫೋನಿನಲ್ಲಿ ಹಾಕಿದ ಷರತ್ತು ಅದೊಂದೇ. ದಿನ 2024ರ ಆಗಸ್ಟ್ 23, ದೇಶದ ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನ. ಹಿಂದಿನ ವರ್ಷ ಅದೇ ದಿನ ಸಂಜೆ 6.04ಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ನೆಲ ಮುಟ್ಟಿತ್ತು. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಅಷ್ಟೂ ಇಂಗ್ಲಿಷಿನಲ್ಲಿ.

ರಾಕೆಟ್ ಅಂದರೆ ಬೆಂಕಿ, ಹೊಗೆ, ಸದ್ದು. ಮಕ್ಕಳಿಗೆ ಎಲ್ಲರೂ ತೋರಿಸುವುದು ಅದನ್ನೇ. ಒಳಗೆ ಕೂತು ನೋಡುವ, ಲೆಕ್ಕ ಹಾಕುವ, ಅಪ್ಪಣೆ ಕೊಡುವ ಪೆಟ್ಟಿಗೆಗಳ, ಅಂದರೆ ಏವಿಯಾನಿಕ್ಸ್‌ನ, ಸುದ್ದಿ ಯಾರೂ ಎತ್ತುವುದಿಲ್ಲ. ಅದನ್ನೇ ಹೇಳಬೇಕು ಅಂದುಕೊಂಡು ಒಂದು ವಾರ ರಾತ್ರಿ ನಿಘಂಟು ಬಿಡಿಸಿಕೊಂಡು ಕೂತೆ. ಟೆಲಿಮೆಟ್ರಿಗೆ ದೂರಮಾಪನ, ಟೆಲಿಕಮಾಂಡ್‌ಗೆ ದೂರಾದೇಶ, ಎಲೆಕ್ಟ್ರಾನಿಕ್ಸ್‌ಗೆ ವಿದ್ಯುನ್ಮಾನ. ರಿಡಂಡೆನ್ಸಿಯ ಎದುರು 'ಅನಗತ್ಯತೆ' ಎಂದಿತ್ತು. ಅದನ್ನೂ ಬರೆದುಕೊಂಡೆ.

ಬೆಳಗಿನ ಬಸ್ಸಿಗೆ ಹೊರಟು ದುರ್ಗದಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಚಳ್ಳಕೆರೆ ತಲುಪಿದೆ. ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಶೇಂಗಾ ಹೊಲ.

ಹತ್ತನೇ ತರಗತಿ, ಐವತ್ತರ ಹತ್ತಿರ ಮಕ್ಕಳು. ಬೋರ್ಡಿನ ಮೇಲೆ ದೊಡ್ಡದಾಗಿ 'ನೌಕೆಯ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ಅನಗತ್ಯತೆ' ಎಂದು ಬರೆದೆ. ಹತ್ತು ನಿಮಿಷ ಮಾತಾಡಿದೆ. ಮಕ್ಕಳು ತುಂಬ ಮರ್ಯಾದೆಯಿಂದ ಕೂತಿದ್ದರು, ಒಬ್ಬರ ಕಣ್ಣೂ ಅಲುಗಲಿಲ್ಲ. ಆಮೇಲೆ ಎರಡನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಅನಗತ್ಯ ಅಂದ್ರೆ ಬ್ಯಾಡದ್ದು ಅಲ್ವಾ? ಬ್ಯಾಡದ್ದನ್ನ ಅಷ್ಟು ದೂರ ಯಾಕೆ ಹೊತ್ಕೊಂಡ್ ಹೋಗ್ತಾರೆ?"

ಅವನು ಕೇಳಿದ್ದು ನೂರಕ್ಕೆ ನೂರು ಸರಿ. ನೌಕೆಯಲ್ಲಿ ಅದಕ್ಕಿಂತ ಬೇಕಾದದ್ದು ಇನ್ನೊಂದಿಲ್ಲ. ಕೆಟ್ಟರೆ ಹೋಗಿ ರಿಪೇರಿ ಮಾಡಲು ಆಗದ ಜಾಗಕ್ಕೆ ಹೋಗುವ ಯಂತ್ರದಲ್ಲಿ ಮುಖ್ಯವಾದ ಪ್ರತಿಯೊಂದಕ್ಕೂ ಒಂದು ಜೊತೆ ಇರಬೇಕು. ಅಂಥದ್ದಕ್ಕೆ 'ಬೇಡದ್ದು' ಅನ್ನುವ ಹೆಸರನ್ನು ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ಡಸ್ಟರ್ ತಗೊಂಡು ಅಳಿಸಿದೆ. ನಿಘಂಟಿನಿಂದ ಬರೆದುಕೊಂಡಿದ್ದ ಚೀಟಿಯನ್ನು ಮಡಚಿ ಜೇಬಿಗಿಟ್ಟೆ. "ಆ ಪದ ತಪ್ಪು. ಕೆಲಸ ಏನು ಅಂತ ನಾನು ಹೇಳ್ತೀನಿ, ಹೆಸರು ನೀವು ಹೇಳಿ" ಅಂದೆ.

ಒಂದು ಕೆಟ್ಟರೆ ಇನ್ನೊಂದು ಸಿದ್ಧವಿರಬೇಕು ಅನ್ನುತ್ತಿದ್ದ ಹಾಗೇ ನಾಲ್ಕು ಕಡೆಯಿಂದ "ಸ್ಟೆಪ್ನಿ" ಎಂದು ಕೂಗು ಬಂತು. ಆದರೆ ಸ್ಟೆಪ್ನಿ ಸುಮ್ಮನೆ ಮಲಗಿರುತ್ತದೆ, ಬೇಕಾದಾಗ ಎಬ್ಬಿಸಿ ಹಾಕಬೇಕು. ಎಂಜಿನಿಯರುಗಳು ಅದಕ್ಕೆ ಕೋಲ್ಡ್ ರಿಡಂಡೆನ್ಸಿ ಅನ್ನುತ್ತಾರೆ. ಎರಡೂ ಮೊದಲಿನಿಂದಲೇ ಓಡುತ್ತಿದ್ದರೆ ಅದು ಹಾಟ್. "ಅದಕ್ಕೇನಂತೀರಿ?" ಲಾರಿ ಡ್ರೈವರ್ ಮಗನೊಬ್ಬ ತಕ್ಷಣ ಹೇಳಿದ: "ಹಿಂದಿನ ಜೋಡಿ ಟೈರು ಸಾರ್. ಒಂದು ಪಂಚರ್ ಆದ್ರೂ ಇನ್ನೊಂದು ಭಾರ ಹೊತ್ಕಂಡಿರ್ತೈತೆ." ಜೋಡಿ, ಸ್ಟೆಪ್ನಿ. ಎರಡೂ ಪದವನ್ನು ಬೋರ್ಡಿನ ಮೇಲೆ ಬರೆದೆ. ಇಪ್ಪತ್ತು ವರ್ಷದಲ್ಲಿ ಈ ವ್ಯತ್ಯಾಸವನ್ನು ಇಷ್ಟು ಬೇಗ ಯಾವ ತರಗತಿಗೂ ದಾಟಿಸಿರಲಿಲ್ಲ.

ಬಸ್ ಅಂದಾಗ ಮಕ್ಕಳಿಗೆ ನೆನಪಾಗಿದ್ದು ಸಹಜವಾಗಿ ಸರ್ಕಾರಿ ಬಸ್ಸು. ಪೆಟ್ಟಿಗೆಗಳೆಲ್ಲ ಮಾತಾಡಿಕೊಳ್ಳುವ ತಂತಿಗೂ ಅದೇ ಹೆಸರು ಎಂದೆ. ನಮ್ಮ ಉಪಗ್ರಹ, ರಾಕೆಟ್‌ಗಳಲ್ಲಿ ಬಳಸುವ 1553 ಅನ್ನುವ ಬಸ್ಸಿಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ: ಕಂಟ್ರೋಲರ್ ಹೆಸರು ಹಿಡಿದು ಕರೆಯುವವರೆಗೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಹೆಚ್ಚೆಂದರೆ 31 ಪೆಟ್ಟಿಗೆಗಳನ್ನು ಅದಕ್ಕೆ ಕಟ್ಟಬಹುದು. ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಓಡುತ್ತವೆ, ಒಂದು ತಂತಿ ತುಂಡಾದರೆ ಇನ್ನೊಂದು ಇದೆ. ಹೇಳುವ ಬದಲು ಮಾಡಿಯೇ ತೋರಿಸೋಣ ಎಂದು 31 ಮಕ್ಕಳನ್ನು ನಿಲ್ಲಿಸಿ ಹಾಜರಿ ಕರೆದೆ. ಕರೆದವರು ಮಾತ್ರ ತಮ್ಮ ಸುದ್ದಿ ಹೇಳಬೇಕು: ಬ್ಯಾಟರಿ ಇಷ್ಟು ವೋಲ್ಟ್, ಟ್ಯಾಂಕಿನ ಒತ್ತಡ ಇಷ್ಟು, ಬಿಸಿ ಇಷ್ಟು. ಒಬ್ಬಳು ಬೇಕೆಂದೇ ಸುಮ್ಮನಿದ್ದಳು. "ಉತ್ತರ ಬರಲಿಲ್ಲ, ಈಗೇನು ಮಾಡೋದು?" ಅಂದೆ. "ಇನ್ನೊಂದ್ಸಲ ಕರೀರಿ ಸಾರ್, ಇಲ್ಲಾಂದ್ರೆ ಇನ್ನೊಂದು ತಂತೀಲಿ ಕರೀರಿ" ಎಂದು ಅವಳೇ ಹೇಳಿದಳು. ನಿಜವಾದ ಬಸ್ಸಿನಲ್ಲೂ ಹಾಗೇ ಮಾಡುತ್ತಾರೆ.

ನೌಕೆ ತನ್ನ ಒಳಗಿನ ಆರೋಗ್ಯದ ಬಗ್ಗೆ ಭೂಮಿಗೆ ಕಳಿಸುವ ಈ ಸುದ್ದಿಗೆ ಹೌಸ್‌ಕೀಪಿಂಗ್ ಡೇಟಾ ಎಂದು ಹೆಸರು. ಹಿಂದೆ ಕೂತಿದ್ದ ಕನ್ನಡ ಮೇಷ್ಟ್ರು ಮೆಲ್ಲಗೆ "ಮನೆವಾರ್ತೆ ಅಂದ್ರಾಗಲ್ವಾ ಸರ್?" ಎಂದರು. ಮನೆ ನಡೆಸುವ ಕೆಲಸವೂ ಮನೆವಾರ್ತೆಯೇ, ವಾರ್ತೆ ಅಂದರೆ ಸುದ್ದಿಯೂ ಹೌದು. ಇಂಗ್ಲಿಷಿನ ಪದದಲ್ಲಿ ಮನೆಗೆಲಸ ಮಾತ್ರ ಇದೆ, ಸುದ್ದಿ ಇಲ್ಲ. ನನ್ನ ಮಟ್ಟಿಗೆ ಮೇಷ್ಟ್ರ ಪದವೇ ಮೇಲು.

ವಾಚ್‌ಡಾಗ್ ಟೈಮರ್‌ಗೆ ಕಾವಲು ನಾಯಿ ಎಂದೆ. "ಯಾರನ್ನ ಕಂಡು ಬೊಗಳ್ತೈತೆ ಸಾರ್?" ಎಂದು ಪ್ರಶ್ನೆ ಬಂತು. ಅದು ಬೊಗಳುವುದಿಲ್ಲ. ಒಂದು ಗಡಿಯಾರ ಸೊನ್ನೆಯ ಕಡೆಗೆ ಎಣಿಸುತ್ತಾ ಹೋಗುತ್ತಿರುತ್ತದೆ. ಅದು ಸೊನ್ನೆ ಮುಟ್ಟುವ ಮೊದಲು ಕಂಪ್ಯೂಟರ್ "ನಾನು ಎಚ್ಚರ ಇದ್ದೀನಿ" ಎಂದು ಸುದ್ದಿ ಕೊಟ್ಟು ಅದನ್ನು ಮತ್ತೆ ಮೊದಲಿಗೆ ತಿರುಗಿಸಬೇಕು. ಸುದ್ದಿ ಬರಲಿಲ್ಲ ಅಂದರೆ ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದರ್ಥ, ಗಡಿಯಾರವೇ ಕಂಪ್ಯೂಟರನ್ನು ರೀಸೆಟ್ ಮಾಡುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬ ಎದ್ದ. ರಾತ್ರಿ ಹಂದಿ ಕಾಯಲು ಅವನಪ್ಪ, ದೊಡ್ಡಪ್ಪ ಒಂದೊಂದು ಹೊಲದಲ್ಲಿ ಮಲಗುತ್ತಾರಂತೆ. "ಆಗಾಗ ಕೂಗು ಹಾಕ್ತಾರೆ ಸಾರ್. ಆ ಕಡೆಯಿಂದ ಕೂಗು ಬರ್ಲಿಲ್ಲ ಅಂದ್ರೆ ಹೋಗಿ ಎಬ್ಬಿಸ್ತಾರೆ." ಬೋರ್ಡಿನ ಮೇಲಿದ್ದ 'ಕಾವಲು ನಾಯಿ' ಅಳಿಸಿ 'ಕಾವಲು ಕೂಗು' ಎಂದು ಬರೆದೆ.

ಇವು ಅವರಿಗೆ ದೂರದ ವಿಷಯವಲ್ಲ. ಎರಡೇ ತಿಂಗಳ ಹಿಂದೆ, ಜೂನ್ 23ರಂದು, ಅದೇ ತಾಲ್ಲೂಕಿನ ಪರೀಕ್ಷಾ ವಲಯದ ಮೇಲೆ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ಪುಷ್ಪಕ್ ಎಂಬ ರೆಕ್ಕೆಯ ವಾಹನವನ್ನು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಿತ್ತು. ಅದೂ ಬೇಕೆಂದೇ ದಾರಿಯಿಂದ 500 ಮೀಟರ್ ಪಕ್ಕಕ್ಕೆ. ಒಳಗೆ ಮನುಷ್ಯರಿಲ್ಲ. ಎತ್ತರ ಅಳೆಯುವ ರೇಡಾರ್ ಆಲ್ಟಿಮೀಟರ್, ಜಿಪಿಎಸ್‌ನಂಥ ನಮ್ಮದೇ ನಾವಿಕ್‌ನ ರಿಸೀವರ್, ಚಲನೆ ಅಳೆಯುವ ಸೆನ್ಸರ್‌ಗಳು ಕೊಟ್ಟ ಲೆಕ್ಕದ ಮೇಲೆ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ರನ್‌ವೇ ಮುಟ್ಟಿ ನಿಂತಿತು. ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಗುಂಡಿಗಳ ಹಾಗೇ ಗುಂಡಿ ತೋಡಿ, ಮೇಲಿನಿಂದ ಲ್ಯಾಂಡರ್‌ನ ಸೆನ್ಸರ್‌ಗಳನ್ನು ಪರೀಕ್ಷೆ ಮಾಡಿದ್ದನ್ನೂ ಹೇಳಿದೆ. "ಆ ಕಾವಲಾಗೆ ನಮ್ಮಜ್ಜ ಕುರಿ ಮೇಯಿಸ್ತಿದ್ದ" ಎಂದು ಒಬ್ಬ ಅಂದ. ಒಂದು ಕ್ಷಣ ಎಲ್ಲರೂ ಅವನ ಕಡೆ ತಿರುಗಿದರು.

ಆಗ ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಜೋಡಿ ಇಟ್ಟಿದ್ದು ಎರಡೂ ಒಟ್ಟಿಗೆ ಕೆಟ್ರೆ?"

ನಾನು ಅಷ್ಟು ಆಳಕ್ಕೆ ಹೋಗುವ ಯೋಚನೆ ಮಾಡಿರಲಿಲ್ಲ. ಕೇಳಿದ ಮೇಲೆ ಹೇಳಲೇಬೇಕು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟ. ದಿಕ್ಕು ತಿಳಿಸುವ ಪೆಟ್ಟಿಗೆ ಒಂದಲ್ಲ, ಎರಡಿದ್ದವು. ಎರಡರಲ್ಲೂ ಹಳೆಯ ಏರಿಯಾನ್-4ರಿಂದ ಬಂದ ಒಂದೇ ಪ್ರೋಗ್ರಾಂ. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಬಹಳ ಹೆಚ್ಚು. ಆ ದೊಡ್ಡ ಸಂಖ್ಯೆಯನ್ನು 16 ಬಿಟ್‌ಗಳ ಜಾಗಕ್ಕೆ ತುಂಬಲು ಹೋದಾಗ ಹಿಡಿಸಲಿಲ್ಲ, ಅಲ್ಲಿ ಹಿಡಿಸುವುದು 32,767ರವರೆಗೆ ಮಾತ್ರ. ಸ್ಟ್ಯಾಂಡ್‌ಬೈ ಪೆಟ್ಟಿಗೆ ಮೊದಲು ಕೈ ಚೆಲ್ಲಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ತಪ್ಪಿಗೆ ಇನ್ನೊಂದೂ ಕೈ ಚೆಲ್ಲಿತು. ಹಾರಿ 40 ಸೆಕೆಂಡಿಗೆಲ್ಲ ರಾಕೆಟ್ ಆಕಾಶದಲ್ಲೇ ಚೂರಾಯಿತು.

ತರಗತಿ ಗಪ್‌ಚಿಪ್. ಆ ಹುಡುಗಿ ಮಾತ್ರ ಇನ್ನೂ ನಿಂತೇ ಇದ್ದಳು.

"ಎರಡೂ ಒಂದೇ ಬೀಜ ಆಗಿತ್ತಲ್ಲ ಸಾರ್, ಅದಕ್ಕೇ. ಅಕ್ಕಡಿ ಹಾಕ್ಬೇಕಿತ್ತು."

ಈ ಕಡೆಯ ಹೊಲ ನೋಡಿದವರಿಗೆ ಗೊತ್ತು. ಶೇಂಗಾ ಬಿತ್ತುವಾಗ ಕೆಲವು ಸಾಲಿಗೊಮ್ಮೆ ತೊಗರಿಯ ಸಾಲು ಬಿಡುತ್ತಾರೆ. ಮಳೆ ಕೈಕೊಟ್ಟು ಶೇಂಗಾ ಹೋದರೂ ಆಳಕ್ಕೆ ಬೇರು ಬಿಟ್ಟ ತೊಗರಿ ಅಷ್ಟೋ ಇಷ್ಟೋ ಕೊಡುತ್ತದೆ. ಬೇರೆ ಬೇರು, ಬೇರೆ ಕಾಲ, ಆದ್ದರಿಂದ ಒಂದೇ ಪೆಟ್ಟಿಗೆ ಎರಡೂ ಬೀಳುವುದಿಲ್ಲ. ಡಿಸಿಮಿಲರ್ ರಿಡಂಡೆನ್ಸಿ ಎಂದು ನಾನು ಅರ್ಧ ಗಂಟೆ ಪಾಠ ಮಾಡುವ ವಿಷಯಕ್ಕೆ ಹದಿನೈದು ವರ್ಷದ ಹುಡುಗಿ ಮೂರಕ್ಷರದಲ್ಲಿ ಹೆಸರಿಟ್ಟಳು. ಬೋರ್ಡಿನ ಮಧ್ಯೆ ಜಾಗ ಮಾಡಿ 'ಅಕ್ಕಡಿ' ಎಂದು ಬರೆಯುವಾಗ ನನ್ನ ಗಂಟಲು ಕಟ್ಟಿತ್ತು.

ಊಟದ ಬೆಲ್ ಹೊಡೆಯಿತು. ಮಕ್ಕಳ ಜೊತೆಗೇ ಅನ್ನ ಸಾರು ಉಂಡೆ. ಕನ್ನಡ ಮೇಷ್ಟ್ರು ಬೋರ್ಡಿನ ಮೇಲಿದ್ದ ಪದಗಳನ್ನೆಲ್ಲ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು, ನಾನೂ ಇಳಿಸಿಕೊಂಡೆ. ಏವಿಯಾನಿಕ್ಸ್ ಅನ್ನುವುದನ್ನು ಹಾಗೇ ಬಿಡೋಣ ಎಂದು ಇಬ್ಬರೂ ಒಪ್ಪಿದೆವು. ರೇಡಿಯೋ, ಮೋಟಾರ್ ನಮ್ಮವಾದ ಹಾಗೆ ಅದೂ ಆಗಲಿ.

ಗೇಟಿನ ಹತ್ತಿರ ಆ ಹುಡುಗಿ ಓಡಿ ಬಂದಳು.

"ಸಾರ್, ಅಕ್ಕಡಿ ಕಂಪ್ಯೂಟರಿನ ಪ್ರೋಗ್ರಾಂ ಯಾರು ಬರೀತಾರೆ? ಮೊದಲ್ನೇದು ಬರೆದೋರೇನಾ?"

ಅಮೆರಿಕದ ಸ್ಪೇಸ್ ಶಟಲ್ ವಿಷಯ ಹೇಳಿದೆ. ಐದು ಕಂಪ್ಯೂಟರ್ ಇದ್ದವು. ನಾಲ್ಕರಲ್ಲಿ ಒಂದೇ ಪ್ರೋಗ್ರಾಂ, ಐದನೆಯದರಲ್ಲಿ ಬೇರೆ. ಆ ಐದನೆಯದನ್ನು ಬರೆಯಲು ಬೇರೆಯದೇ ಕಂಪನಿಗೆ ಕೊಟ್ಟಿದ್ದರು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರೆ ಸರಿ ಸಾರ್" ಎಂದು ತಟ್ಟೆ ತೊಳೆಯಲು ಓಡಿದಳು.